ಪಟ್ಟಿ ಮಾಫಾದರೆ ಪಾವತಿ ಎಲ್ಲಿಂದ?

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಯ ಒಂದು ಊರು. ಕಟ್ಟೆಯ ಮೇಲೆ ಕೂತಿದ್ದ ಆಯಿ ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿ ತಂದರು. ಮೇಲೆ ರೇಷನ್ ಕಾರ್ಡು, ಅದರ ಕೆಳಗೆ ಗಂಡನ ಮರಣ ಪ್ರಮಾಣಪತ್ರ, ತಳದಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಮನೆಪಟ್ಟಿಯ ಪಾವತಿಗಳ ಕಟ್ಟು. 2020ರ ಅಕ್ಟೋಬರಿನಲ್ಲಿ ಹೊಳೆ ಮನೆಯೊಳಗೆ ಬಂದಾಗ ಈ ಡಬ್ಬಿಯೂ ನೆನೆದಿತ್ತು. ತಳದ ನಾಲ್ಕೈದು ಪಾವತಿಗಳು ಒಂದಕ್ಕೊಂದು ಅಂಟಿಕೊಂಡು ಕಟಿರೊಟ್ಟಿಯಂತೆ ಬಿರುಸಾಗಿದ್ದವು. ನೀಲಿ ಶಾಯಿ ಹರಡಿ ಮೊತ್ತ ಅಳಿಸಿಹೋಗಿತ್ತು, ಪಂಚಾಯ್ತಿಯ ಶಿಕ್ಕೆ ಮಾತ್ರ ಉಳಿದಿತ್ತು.

"ಇರೂದು ಒಂದೇ ಮನಿ, ಅದರಾಗ ತಾವೇ ಇರೋರಿಗೆ ಸರ್ಕಾರ ಪಟ್ಟಿ ಮಾಫ್ ಮಾಡಿದ್ರ ಹ್ಯಾಂಗ ಆಯಿ?" ಎಂದು ಕೇಳಿದೆ.

"ಮಾಫ್ ಯಾಕ್ರೀ ಯಪ್ಪಾ? ಮಾಫ್ ಆದ್ರ ಪಾವತಿ ಯಾರ್ ಕೊಡ್ತಾರ?"

ವಾಸದ ಮನೆಗೆ ತೆರಿಗೆ ವಿನಾಯಿತಿ ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಬಹಳ ದಿನದಿಂದ ಹಣದ ಲೆಕ್ಕವಾಗಿಯೇ ನೋಡುತ್ತಿದ್ದೆ. ಆಯಿಯ ಒಂದು ಮಾತಿಗೆ ಅದು ತಲೆಕೆಳಗಾಯಿತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮನೆಪಟ್ಟಿ ಎಂದರೆ ಸರ್ಕಾರ ನಮ್ಮಿಂದ ಕೀಳುವ ದುಡ್ಡು ಮಾತ್ರವಲ್ಲ. ಈ ಮನೆ ನನ್ನದು, ಇಷ್ಟು ವರ್ಷದಿಂದ ಇಲ್ಲೇ ಇದ್ದೇನೆ ಎಂದು ತೋರಿಸಲು ಬಡವನ ಕೈಯಲ್ಲಿರುವ ಒಂದೇ ಕಾಗದ. ವಿನಾಯಿತಿಯ ಮಾತನ್ನು ಇಲ್ಲಿಂದ ಶುರು ಮಾಡದಿದ್ದರೆ ಬೆಂಗಳೂರಿನ ಅಳತೆಗೋಲಿನಿಂದ ಕಲಬುರಗಿ ಜಿಲ್ಲೆಯನ್ನು ಅಳೆದಂತಾಗುತ್ತದೆ.

ಮೊದಲು ಈಗಿರುವ ಕಾನೂನು ಏನು ಹೇಳುತ್ತದೆ ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪುರಸಭೆಗಳು. 2011ರ ಜನಗಣತಿಯಂತೆ ಆಳಂದದಲ್ಲಿ ಸುಮಾರು 42 ಸಾವಿರ, ಅಫಜಲಪುರದಲ್ಲಿ 27 ಸಾವಿರ, ಜೇವರ್ಗಿಯಲ್ಲಿ 25 ಸಾವಿರ ಜನ. ಇಲ್ಲಿನ ಮನೆ ತೆರಿಗೆ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಲೆಕ್ಕಕ್ಕೆ ಬರುತ್ತದೆ. ಊರ ಗೆರೆ ದಾಟಿದರೆ ಗ್ರಾಮ ಪಂಚಾಯ್ತಿ. ಅಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ. ಈ ಎರಡು ಕಾಯ್ದೆಗಳಲ್ಲಿ ಎಲ್ಲಿ ಹುಡುಕಿದರೂ "ಮಾಲೀಕ ತಾನೇ ವಾಸಿಸುವ ಒಂದೇ ಮನೆಗೆ ತೆರಿಗೆ ಇಲ್ಲ" ಎಂಬ ಸಾರ್ವತ್ರಿಕ ವಿನಾಯಿತಿ ಸಿಗುವುದಿಲ್ಲ. ಗುಡಿ, ಮಸೀದಿ, ಧರ್ಮಛತ್ರಗಳಂಥವಕ್ಕೆ ವಿನಾಯಿತಿ ಇದೆ, ವಾಸದ ಮನೆಗೆ ಇಲ್ಲ. ಪಟ್ಟಣದಲ್ಲಿ ವಾಸದ ಮನೆಗೆ ಇರುವ ಗುರುತಿಸಬಹುದಾದ ರಿಯಾಯಿತಿ ಒಂದೇ: ಮಾಜಿ ಸೈನಿಕರು ಅಥವಾ ತೀರಿಕೊಂಡ ಸೈನಿಕರ ಕುಟುಂಬ ತಾವೇ ವಾಸಿಸುವ ಮನೆಗೆ ಅರ್ಧ ತೆರಿಗೆ. ಮತ್ತೊಂದು ಎಲ್ಲರಿಗೂ ಸಿಗುವಂಥದ್ದು, ಏಪ್ರಿಲ್ ತಿಂಗಳಲ್ಲೇ ಕಟ್ಟಿದರೆ ಶೇ 5 ಸೋಡಿ. ಮೇ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಏರುತ್ತಾ ಹೋಗುತ್ತದೆ.

ಮಾಜಿ ಸೈನಿಕರ ಅರ್ಧ ತೆರಿಗೆಯೂ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಪುರಸಭೆ ಮುಖ್ಯಾಧಿಕಾರಿಗೆ ಅರ್ಜಿ ಬರೆದು, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ, ಸೈನಿಕ ಕಲ್ಯಾಣ ಇಲಾಖೆಯ ಗುರುತಿನ ಚೀಟಿ, ಮನೆಯ ಉತಾರ ಹಚ್ಚಿ, ಈ ಮನೆಯಲ್ಲಿ ನಾನೇ ಇದ್ದೇನೆ ಎಂದು ಬರೆದುಕೊಡಬೇಕು. ಇಪ್ಪತ್ತು ವರ್ಷ ಗಡಿ ಕಾಯ್ದು ಬಂದು ಪೂರ್ತಿ ಪಟ್ಟಿ ಕಟ್ಟುತ್ತಿರುವವರನ್ನು ನಾನು ಕಂಡಿದ್ದೇನೆ. ಹೀಗೊಂದು ಸವಲತ್ತು ಇದೆ ಎಂದು ಕೌಂಟರಿನಲ್ಲಿ ಅವರಿಗೆ ಯಾರೂ ಹೇಳಿಲ್ಲ.

ತೆರಿಗೆ ಎಷ್ಟು ಎನ್ನುವುದೂ ತಿಳಿದಿರಬೇಕು. ಪಟ್ಟಣಗಳಲ್ಲಿ 2021ರ ತಿದ್ದುಪಡಿಯ ಬಳಿಕ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವೇ ತೆರಿಗೆಗೆ ಆಧಾರ. ಮುಂಚೆ ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರುತ್ತಿದ್ದದ್ದು ಈಗ ವರ್ಷಕ್ಕೆ ಶೇ 3ರಿಂದ 5ರವರೆಗೆ ಏರುತ್ತದೆ. ಹಳ್ಳಿಯಲ್ಲಿ ಮೊತ್ತ ಸಣ್ಣದು, ಆದರೆ ಬಾಲ ಉದ್ದ. ಪಂಚಾಯ್ತಿ ಪಾವತಿಯನ್ನು ತಿರುವಿ ನೋಡಿ: ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಉಪಕರ ಶೇ 3. ತೆರಿಗೆ 500 ರೂಪಾಯಿ ಎಂದು ಹಿಡಿದರೆ ಉಪಕರವೇ 170, ಒಟ್ಟು 670. ಇದರಲ್ಲಿ ಊರಿನ ನೀರುಗಂಟಿಗೆ, ಬೀದಿದೀಪಕ್ಕೆ ಹೋಗುವುದು 500. ಉಳಿದದ್ದನ್ನು ಪಂಚಾಯ್ತಿ ವಸೂಲಿ ಮಾಡಿ ಮೇಲೆ ಕಳಿಸಬೇಕು. ಭಿಕ್ಷುಕರ ಹೆಸರಿನಲ್ಲಿ ಹದಿನೈದು ರೂಪಾಯಿ ಕೊಡುತ್ತಿದ್ದೇವೆಂದು ಗೊತ್ತಿರುವವರು ಹತ್ತರಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಉಪಕರ ತೆರಿಗೆಯ ಬೆನ್ನಿಗೆ ಕಟ್ಟಿದ್ದು, ತೆರಿಗೆ ಸೊನ್ನೆಯಾದರೆ ಅದೂ ಸೊನ್ನೆ. ವಿನಾಯಿತಿಯ ಮಾತು ಬಂದಾಗ ಪಂಚಾಯ್ತಿಯ ನಷ್ಟವನ್ನಷ್ಟೇ ಎಣಿಸುತ್ತೇವೆ. ಗ್ರಂಥಾಲಯ ಇಲಾಖೆಗೂ ಅದರ ಪೆಟ್ಟು ತಗಲುತ್ತದೆ.

ಕೆಲವರು ಇದನ್ನು ಆದಾಯ ತೆರಿಗೆಯ ಜೊತೆ ಬೆರೆಸಿ ಮಾತಾಡುತ್ತಾರೆ. ಸ್ವಂತ ವಾಸದ ಮನೆಯ ವಾರ್ಷಿಕ ಮೌಲ್ಯವನ್ನು ಸೊನ್ನೆ ಎಂದು ಹಿಡಿಯುವುದು, ಅಂಥ ಎರಡು ಮನೆಗೆ ಅವಕಾಶ ಕೊಟ್ಟಿರುವುದು ಆದಾಯ ತೆರಿಗೆಯ ಮಾತು. ಪುರಸಭೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಮನೆಗೆ ತೆರಿಗೆ ಹಾಕುವುದು, ಕೆಲವರಿಗೆ ಬಿಡುವುದು ಈ ನೆಲಕ್ಕೆ ಹೊಸದಲ್ಲ. ಕನ್ನಡ ಶಾಸನಗಳಲ್ಲಿ ಮನೆದೆರೆ, ಮನೆವಣ ಎಂಬ ಮಾತುಗಳಿವೆ. ಆಳಂದವೇ ಕಲ್ಯಾಣ ಚಾಲುಕ್ಯರ ಕಾಲದಲ್ಲಿ 'ಅಳಂದೆ ಸಾಸಿರ' ಎಂಬ ನಾಡಿನ ತಲೆಯೂರು. ದೇವರಿಗೋ ಬ್ರಾಹ್ಮಣರಿಗೋ ಕೊಟ್ಟ ಭೂಮಿ ತೆರಿಗೆಯಿಂದ ಮುಕ್ತ ಎನ್ನಲು ಶಾಸನಗಳು 'ಸರ್ವನಮಸ್ಯ' ಎಂದು ಕಲ್ಲಿನಲ್ಲೇ ಕಡೆದವು. ಗಮನಿಸಬೇಕಾದದ್ದು, ಅಂದು ತೆರಿಗೆ ಬಿಟ್ಟಿದ್ದಕ್ಕೂ ದಾಖಲೆ ಇತ್ತು, ಅದೂ ಕಲ್ಲಿನ ದಾಖಲೆ. 1948ರವರೆಗೆ ಈ ಭಾಗವನ್ನಾಳಿದ ನಿಜಾಮರ ದಫ್ತರು ನಮಗೆ ಬಿಟ್ಟುಹೋದ ಮಾತು 'ಮಾಫ್'. ಮಾಫಿ ಜಮೀನು, ಇನಾಂ ಜಮೀನು ಎಂದು ಅಂದು ಸಡಗರಪಟ್ಟ ಮನೆತನಗಳ ಮೊಮ್ಮಕ್ಕಳು ಇಂದಿಗೂ ತಹಸೀಲ್ ಕಚೇರಿಯ ಮೆಟ್ಟಿಲು ಹತ್ತುತ್ತಿರುವುದನ್ನು ನೋಡಿದರೆ ಆಯಿಯ ಅನುಮಾನ ಹುಸಿಯಲ್ಲ ಅನಿಸುತ್ತದೆ.

ಈಗ ವಿನಾಯಿತಿ ಕೊಟ್ಟಿರುವ ಕಡೆಗಳತ್ತ ಹೋಗೋಣ. ದೂರ ಬೇಡ, ನಮ್ಮ ಜನ ದುಡಿಯಲು ಹೋಗುವ ಪುಣೆಯಿಂದಲೇ ಶುರು ಮಾಡಬಹುದು. ಪುಣೆ ಮಹಾನಗರಪಾಲಿಕೆ 1970ರಿಂದ ಮಾಲೀಕರೇ ವಾಸಿಸುವ ಮನೆಗಳಿಗೆ ಶೇ 40 ರಿಯಾಯಿತಿ ಕೊಡುತ್ತಿತ್ತು. ಲೆಕ್ಕಪರಿಶೋಧನೆಯವರು ಆಕ್ಷೇಪ ಎತ್ತಿದ ಮೇಲೆ ಅದು ನಿಂತಿತು. ಗಲಾಟೆಯಾಗಿ 2023ರಲ್ಲಿ ಮತ್ತೆ ಬಂತು. ಬಂದದ್ದು ಮಾತ್ರ ಅರ್ಜಿಯ ರೂಪದಲ್ಲಿ. ಪಿಟಿ-3 ಎಂಬ ನಮೂನೆ ತುಂಬಿ, ಹೌಸಿಂಗ್ ಸೊಸೈಟಿಯ ಪತ್ರ, ಜೊತೆಗೆ ಮತದಾರರ ಚೀಟಿಯೋ ರೇಷನ್ ಕಾರ್ಡೋ ಗ್ಯಾಸ್ ಪುಸ್ತಕವೋ ಲೈಸನ್ಸೋ ಹಚ್ಚಬೇಕು. ಶಹರದಲ್ಲಿ ಇನ್ನೊಂದು ಮನೆ ಇದ್ದರೆ ಅದರ ಬಿಲ್ಲನ್ನೂ ತೋರಿಸಬೇಕು. ಅರ್ಜಿ ಕೊಡದವರಿಗೆ ಹಳೆ ಬಾಕಿ ಸೇರಿ ಬಿಲ್ಲು ಬಂತು. ಮುದುಕರು, ಊರಲ್ಲಿಲ್ಲದವರು, ತಮಗೆ ಅದು ತಾನಾಗಿಯೇ ಇದೆ ಎಂದುಕೊಂಡವರು ಸಿಕ್ಕಿಬಿದ್ದರು. ಹಕ್ಕನ್ನು ಅರ್ಜಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಕನ್ನಡಿಗರ ಇನ್ನೊಂದು ತುದಿಯಲ್ಲಿ ಕಾಸರಗೋಡು. ಕೇರಳ ಸರ್ಕಾರ 2023ರ ಏಪ್ರಿಲ್‌ನಿಂದ 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿಯೊಳಗಿನ ಸ್ವಂತ ವಾಸದ ಮನೆಗಳಿಗೆ ಆಸ್ತಿ ತೆರಿಗೆಯನ್ನೇ ಬಿಟ್ಟಿತು. ಒಬ್ಬರಿಗೆ ಒಂದೇ ಮನೆ, ಫ್ಲ್ಯಾಟುಗಳಿಗೆ ಇಲ್ಲ. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡದ ಬಡ ಕುಟುಂಬಗಳಿಗೂ ಇದು ಸಿಕ್ಕಿತು, ಆದರೆ ಅವರೂ ಪಂಚಾಯ್ತಿ ಕಾರ್ಯದರ್ಶಿಗೆ ಅರ್ಜಿ ಕೊಡಬೇಕಾಯಿತು. ಅದೇ ವರ್ಷದಿಂದ ಉಳಿದ ಮನೆಗಳ ತೆರಿಗೆಯನ್ನು ವರ್ಷಕ್ಕೆ ಶೇ 5ರಂತೆ ಏರಿಸುವ ಕ್ರಮವೂ ಜಾರಿಗೆ ಬಂತು. ಸಣ್ಣ ಮನೆಗೆ ಬಿಟ್ಟದ್ದನ್ನು ದೊಡ್ಡ ಮನೆಯಿಂದ ತುಂಬಿಕೊಳ್ಳುವ ಈ ಲೆಕ್ಕ ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಮುಂಬೈಯಲ್ಲಿ 2022ರಿಂದ 500 ಚದರಡಿಯೊಳಗಿನ ವಾಸದ ಮನೆಗೆ ತೆರಿಗೆ ಇಲ್ಲ. ಆಳಂದದ ಗಡಿಗೆ ಹೊಂದಿಕೊಂಡ ಅದೇ ಮಹಾರಾಷ್ಟ್ರದ ಅಕ್ಕಲಕೋಟೆಗೆ ಆ ಭಾಗ್ಯವಿಲ್ಲ. ದಿಲ್ಲಿಯಲ್ಲಿ ಹಿರಿಯರು, ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರಿಗೆ 200 ಚದರ ಮೀಟರ್ ತನಕ ಒಂದು ಮನೆಗೆ ಶೇ 30 ಕಡಿತ. ಬೆಂಗಳೂರು ಇನ್ನೊಂದು ದಾರಿ ಹಿಡಿದಿತ್ತು: 2008ರ ಘಟಕ ಮೌಲ್ಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಯ ದುಪ್ಪಟ್ಟು ದರ. ವಿನಾಯಿತಿ ಎಂಬ ಹೆಸರಿಲ್ಲದೆಯೇ ಅದು ವಿನಾಯಿತಿ. ಅದರಿಂದ ಆದದ್ದು, ಬಾಡಿಗೆಯವರಿದ್ದರೂ 'ಸ್ವಂತ ವಾಸ' ಎಂದು ಗೀಟು ಹಾಕುವ ಚಾಳಿ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಹುಡುಗರನ್ನು ಕೇಳಿದರೆ ಇದು ಅವರಿಗೆ ಗೊತ್ತಿರುವ ಮಾತು. ಟೆಕ್ಸಾಸ್‌ನಲ್ಲಿ ಮನೆ ಕೊಂಡವರು ಹೋಮ್‌ಸ್ಟೆಡ್ ವಿನಾಯಿತಿಗೆ ಒಮ್ಮೆ ಅರ್ಜಿ ಕೊಡುತ್ತಾರೆ, ಶುಲ್ಕ ಇಲ್ಲ. ಲೈಸನ್ಸಿನಲ್ಲಿರುವ ವಿಳಾಸ ಮನೆಯ ವಿಳಾಸಕ್ಕೆ ತಾಳೆಯಾಗಬೇಕು. ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆ ಬೆಲೆಯಿಂದ ಕಳೆಯುವ ಮೊತ್ತವನ್ನು 2023ರಲ್ಲಿ 40 ಸಾವಿರ ಡಾಲರಿನಿಂದ 1 ಲಕ್ಷಕ್ಕೆ, 2025ರಲ್ಲಿ 1.4 ಲಕ್ಷಕ್ಕೆ ಏರಿಸಿದರು. ಫ್ಲಾರಿಡಾದಲ್ಲಿ ಜನವರಿ 1ರಂದು ಆ ಮನೆಯಲ್ಲಿ ವಾಸವಿದ್ದು ಮಾರ್ಚ್ 1ರೊಳಗೆ ಅರ್ಜಿ ಹಾಕಿದವರಿಗೆ ವಿನಾಯಿತಿಯ ಜೊತೆಗೆ, ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 3ಕ್ಕಿಂತ ಹೆಚ್ಚು ಏರದಂತೆ ಕಟ್ಟು. ಅಲ್ಲಿ ಮನೆ ಯಾರದು ಎಂಬ ಪ್ರಶ್ನೆ ಮೊದಲೇ ಇತ್ಯರ್ಥವಾಗಿರುತ್ತದೆ. ಅರ್ಜಿದಾರ ತೋರಿಸಬೇಕಾದ್ದು ನಾನು ಇಲ್ಲೇ ಮಲಗುತ್ತೇನೆ ಎಂಬುದನ್ನಷ್ಟೇ.

ನಮ್ಮಲ್ಲಿ ಇದು ಉಲ್ಟಾ. ಆ ಮನೆಯಲ್ಲಿ ಮಲಗುವುದು ಯಾರೆಂದು ಇಡೀ ಓಣಿಗೆ ಗೊತ್ತು. ಮನೆ ಯಾರ ಹೆಸರಿಗಿದೆ ಎನ್ನುವುದು ಮನೆಯವರಿಗೇ ಗೊತ್ತಿರುವುದಿಲ್ಲ.

ಒಂದು ವಾಡೆಯನ್ನು ತೆಗೆದುಕೊಳ್ಳಿ. ಆಳಂದ ತಾಲ್ಲೂಕಿನಲ್ಲಿ ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಒಂದೇ ತಲಬಾಗಿಲು. ಪಂಚಾಯ್ತಿ ವಹಿಯಲ್ಲಿ ಮನೆ ನಂಬರ್ ಒಂದು, ಹೆಸರು ಮುತ್ಯಾನದು. ಮುತ್ಯಾ ತೀರಿ ಮೂವತ್ತು ವರ್ಷವಾಯಿತು. ವಾರಸಾ ಮಾಡಿಸಿಲ್ಲ, ಮಾಡಿಸಬೇಕೆಂದರೆ ಮದುವೆಯಾಗಿ ಹೋದ ಅತ್ತೆಯಂದಿರ ಸಹಿ ಬೇಕು. ನಾಳೆ ಒಬ್ಬರಿಗೆ ಒಂದು ಮನೆ ಎಂದು ವಿನಾಯಿತಿ ಬಂದರೆ ಅರ್ಜಿ ಯಾರು ಹಾಕಬೇಕು? ಸತ್ತವರ ಹೆಸರಿನಲ್ಲಿ ಹಾಕುವಂತಿಲ್ಲ. ಮೂವರಲ್ಲಿ ಒಬ್ಬ ಹಾಕಿದರೆ, ಮನೆ ಅವನ ಪಾಲಿಗೆ ಹೋಯಿತು ಎಂದು ಉಳಿದಿಬ್ಬರು ಕಚೇರಿಗೆ ತಕರಾರು ಒಯ್ಯುತ್ತಾರೆ. ಉಳಿಯುವ ದುಡ್ಡು ಐನೂರು, ವಕೀಲರಿಗೆ ಹೋಗುವುದು ಐವತ್ತು ಸಾವಿರ.

ಇನ್ನು ಗುಳೆ ಹೋಗುವವರ ಮಾತು. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಜಡಿದು ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ರೇಷನ್ ಕಾರ್ಡು, ಓಟು ಇಲ್ಲಿ; ಮಲಗುವುದು ಅಲ್ಲಿ ತಗಡಿನ ಶೆಡ್ಡಿನಲ್ಲಿ. ಎಂಟು ತಿಂಗಳು ಬೀಗ ಬಿದ್ದ ಮನೆ ವಾಸದ ಮನೆ ಹೌದೋ ಅಲ್ಲವೋ? ಪರಿಶೀಲನೆಗೆ ಬಂದ ಕರ ವಸೂಲಿಗಾರ ಬೀಗ ನೋಡಿ 'ವಾಸವಿಲ್ಲ' ಎಂದು ಬರೆದರೆ, ವಿನಾಯಿತಿ ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರಿಗೇ ತಪ್ಪುತ್ತದೆ. ಜೇವರ್ಗಿಯ ಹೆದ್ದಾರಿ ಬದಿಯಲ್ಲಿ ಇನ್ನೊಂದು ತರಹ: ಮುಂದಿನ ಖೋಲಿಯಲ್ಲಿ ಕಿರಾಣಿಯೋ ಹಿಟ್ಟಿನ ಗಿರಣಿಯೋ, ಹಿಂದಿನ ಖೋಲಿಯಲ್ಲಿ ಸಂಸಾರ. ಪುರಸಭೆಯ ಲೆಕ್ಕದಲ್ಲಿ ಮುಖ್ಯ ಗೆರೆ ಇರುವುದು ವಾಸ ಮತ್ತು ವಾಣಿಜ್ಯದ ನಡುವೆ. ಆ ಗೆರೆ ಎಳೆಯುವ ಗೋಡೆ ಎಷ್ಟೋ ಮನೆಗಳಲ್ಲಿ ಒಂದು ಸೀರೆಯ ಪರದೆ.

ಇದಕ್ಕೂ ಮುಂಚಿನ ತೊಡಕು, ಮನೆ ಕಾಗದದ ಮೇಲೆ ಇದೆಯೇ ಎಂಬುದು. 2013ರಿಂದ ಹಳ್ಳಿಗಳಲ್ಲಿ ಇ-ಸ್ವತ್ತು ಬಂತು. ನಮೂನೆ 9 ಮತ್ತು 11ಎ ಸಿಕ್ಕವರು ಗೆದ್ದರು, ಉಳಿದವರಿಗೆ 11ಬಿ. ಪಟ್ಟಣಗಳಲ್ಲಿ ಇ-ಆಸ್ತಿ, ಅಧಿಕೃತವಲ್ಲದ ಬಡಾವಣೆಯ ಮನೆಗಳಿಗೆ 2025ರಲ್ಲಿ ಕಾಯ್ದೆ ತಿದ್ದಿ ಬಿ-ಖಾತಾ ಕೊಡಲು ದಾರಿ ಮಾಡಿದರು. ಗಾಂವಠಾಣದ ಹೊರಗೆ ಬೆಳೆದ ಓಣಿಗಳು, ಸರ್ಕಾರಿ ಜಾಗದಲ್ಲಿರುವ ತಾಂಡಾಗಳು ಬಹುಕಾಲ ಯಾವ ವಹಿಯಲ್ಲೂ ಇರಲಿಲ್ಲ. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಬಂದಿದ್ದರು. ಬಹುಪಾಲು ಲಂಬಾಣಿ ತಾಂಡಾದವರು. 2025ರ ಮೇನಲ್ಲಿ ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರಗಳ ಲೆಕ್ಕ ಕೊಟ್ಟಿತು. ಅಷ್ಟು ಜನ ಅಲ್ಲಿಯವರೆಗೆ ತಮ್ಮ ಮನೆಯಲ್ಲೇ ಕಾಗದವಿಲ್ಲದ ಬಿಡಾರದವರಾಗಿದ್ದರು. ಅವರಿಗೆ ತೆರಿಗೆ ವಿನಾಯಿತಿ ಮೊದಲೇ ಇತ್ತು ಎಂದು ಕುಹಕವಾಡಬಹುದು. ಅವರು ಕೇಳುತ್ತಿದ್ದುದು ಮಾತ್ರ ಬೇರೆ: ನಮ್ಮ ಮನೆಗೂ ನಂಬರ್ ಹಾಕಿ, ನಮ್ಮಿಂದಲೂ ಪಟ್ಟಿ ತಗೊಳ್ಳಿ.

ಪಾವತಿಯೇ ಮಾಲೀಕತ್ವವಲ್ಲ, ಅದು ನಿಜ. ಕಂದಾಯ ವಹಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಸ್ತಿಯ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ. ಆದರೂ ಭೀಮೆಯ ಪ್ರವಾಹದ ನಂತರ ಬಿದ್ದ ಮನೆಯ ಪರಿಹಾರಕ್ಕೆ ಸಾಲಿನಲ್ಲಿ ನಿಂತವರ ಕೈಯಲ್ಲಿ ಇದ್ದದ್ದು ಇದೇ ಪಾವತಿ. ಕೋರ್ಟಿನಲ್ಲಿ ನಿಲ್ಲದ ಕಾಗದ ಕೌಂಟರಿನಲ್ಲಿ ನಿಲ್ಲುತ್ತದೆ. ಬಡವನ ಬದುಕು ನಡೆಯುವುದು ಬಹುಮಟ್ಟಿಗೆ ಕೌಂಟರಿನಲ್ಲೇ.

ಹಾಗಾದರೆ ವಿನಾಯಿತಿಯೇ ಬೇಡವೇ? ಬೇಕು ಎನ್ನುವವರ ಪಕ್ಷ ನಾನು. ಎರಡು ಖೋಲಿಯ ಮನೆಯಲ್ಲಿರುವ ವಿಧವೆಗೂ ಮೂರು ಮಹಡಿಯ ಮಾಲೀಕನಿಗೂ ಪ್ರತಿ ವರ್ಷ ಅದೇ ಶೇಕಡಾವಾರು ಏರಿಕೆ ಹೇರುವುದು ತಪ್ಪು. ಆದರೆ ನಮಗೆ ಹೊಂದುವುದು ಪುಣೆಯ ದಾರಿಯಲ್ಲ, ಹೈದರಾಬಾದಿನ ದಾರಿ. ಅಲ್ಲಿನ ಮಹಾನಗರಪಾಲಿಕೆಯಲ್ಲಿ ವರ್ಷಕ್ಕೆ 1200 ರೂಪಾಯಿವರೆಗೆ ತೆರಿಗೆ ಬರುತ್ತಿದ್ದ ವಾಸದ ಮನೆಗಳಿಗೆ ಅದನ್ನು 101 ರೂಪಾಯಿಗೆ ಇಳಿಸಿದರು. ಪೂರ್ತಿ ಮಾಫ್ ಮಾಡಲಿಲ್ಲ. ಮನೆ ವಹಿಯಲ್ಲಿ ಉಳಿಯಿತು, ಬಿಲ್ಲು ಬರುತ್ತದೆ, ದುಡ್ಡು ಕಟ್ಟಿದರೆ ರಸೀದಿ ಸಿಗುತ್ತದೆ. ಆ ನೂರರ ಮೇಲಿನ ಒಂದು ರೂಪಾಯಿ ನನಗೆ ಇಷ್ಟ, ಮುಯ್ಯಿ ಓದಿದ ಹಾಗಿದೆ.

ಅಂಥದ್ದನ್ನು ಇಲ್ಲಿ ತರುವಾಗ ಅರ್ಜಿಯ ಗೊಡವೆ ಬೇಡ. ಮನೆಯ ಅಳತೆ, ಬಳಕೆ ಎರಡೂ ಪುರಸಭೆ, ಪಂಚಾಯ್ತಿಯ ಗಣಕಯಂತ್ರದಲ್ಲಿ ಈಗಾಗಲೇ ಇವೆ. ಸಣ್ಣ ವಾಸದ ಮನೆಗೆ ಬಿಲ್ಲೇ ಕಡಿಮೆ ಮೊತ್ತದ್ದಾಗಿ ಮುದ್ರಣವಾಗಲಿ. ಮಾಲೀಕ ತಾನೇ ಇದ್ದಾನೋ, ಬೀಗ ಹಾಕಿ ಗುಳೆ ಹೋಗಿದ್ದಾನೋ ಎಂದು ಇಣುಕುವುದನ್ನು ಬಿಡಬೇಕು. ಬಿಟ್ಟ ಹಣವನ್ನು ರಾಜ್ಯ ಸರ್ಕಾರ ಪಂಚಾಯ್ತಿಗಳಿಗೆ ತುಂಬಿಕೊಡಬೇಕು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ 25ನ್ನು ಪರಿಶಿಷ್ಟ ಜಾತಿ, ಪಂಗಡಗಳಿಗೆ, ಶೇ 5ನ್ನು ಅಂಗವಿಕಲರಿಗೆ ತೆಗೆದಿಡಬೇಕೆಂದು ನಿಯಮವಿದೆ. ಮನೆಪಟ್ಟಿ ಬತ್ತಿದರೆ ಆ ಪಾಲೂ ಬತ್ತುತ್ತದೆ. ಬಡವರಿಗೆಂದು ಕೊಟ್ಟ ಮಾಫಿ ಬಡವರ ಪಾಲಿನಿಂದಲೇ ಕಡಿತವಾಗಬಾರದು.

ಆಯಿಯ ಮನೆಗೆ ಮತ್ತೆ ಬರುತ್ತೇನೆ. ಕಟ್ಟಿನ ಮೇಲಿನ ಪಾವತಿ ಹೊಸದು, ಕಂಪ್ಯೂಟರಿನದು. ಓದಿ ನೋಡಿದೆ. ಮಾಲೀಕರ ಹೆಸರಿನ ಮುಂದೆ ಇನ್ನೂ ಗಂಡನ ಹೆಸರೇ ಇತ್ತು. ಮರಣ ಪ್ರಮಾಣಪತ್ರ ಅದೇ ಡಬ್ಬಿಯಲ್ಲಿ, ಎರಡು ಬೆರಳು ಮೇಲಕ್ಕೆ. ಅದನ್ನು ಪಂಚಾಯ್ತಿಗೆ ಒಯ್ದು ವಾರಸಾ ಮಾಡಿಸಬೇಕೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ನಾಳೆ ಯಾವ ಸರ್ಕಾರ ಯಾವ ವಿನಾಯಿತಿ ಘೋಷಿಸಿದರೂ ಅದು ಬರುವುದು ತೀರಿಕೊಂಡವರ ಹೆಸರಿಗೆ.

ಓದುಗರಲ್ಲಿ ಒಂದು ಕೋರಿಕೆ. ಊರಿಗೆ ಹೋದಾಗ ಪಂಚಾಯ್ತಿಯಿಂದಲೋ ಪುರಸಭೆಯಿಂದಲೋ ನಿಮ್ಮ ಮನೆಯ ಉತಾರ ತೆಗೆಸಿ, ಹೆಸರಿನ ಕಾಲಂ ಓದಿ. ತಾಯಿ ಇದ್ದರೆ ತಾಯಿಯ ಹೆಸರು ಹತ್ತಿಸಿ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಮುಖ್ಯಾಧಿಕಾರಿಗೆ ಅರ್ಜಿ ಬರೆದು ಸ್ವೀಕೃತಿ ತಗೊಳ್ಳಿ. ಏಪ್ರಿಲ್‌ನಲ್ಲೇ ಹೋಗಿ, ಶೇ 5 ಸೋಡಿಯೂ ಸಿಗುತ್ತದೆ.